ಲೀಟರಪ್ಪನ ಕರೆಂಟು ಕಾರು

ಲೀಟರಪ್ಪ ದೂರವನ್ನು ಎಂದೂ ಕಿಲೋಮೀಟರಿನಲ್ಲಿ ಅಳೆದವನಲ್ಲ. ತಂಗಿಯ ಮನೆ ಅವನಿಗೆ ಒಂದು ಲೀಟರ್ ದೂರ, ಹಲ್ಲಿನ ಡಾಕ್ಟರು ಕಾಲು ಲೀಟರ್. ಹೆಂಡತಿ ತವರಿಗೆ ಹೋಗುವ ಮಾತೆತ್ತಿದರೆ ನಿಟ್ಟುಸಿರು ಬಿಟ್ಟು, "ಹೋಗೋಕೆ ಒಂಬತ್ತು, ಬರೋಕೆ ಒಂಬತ್ತು ಕಣೇ" ಎನ್ನುತ್ತಿದ್ದ. ಮದುವೆಯಾದ ಹೊಸತರಲ್ಲಿ ಆಕೆ ಅದನ್ನು ಗಂಟೆಯ ಲೆಕ್ಕವೆಂದು ನಂಬಿ ಊಟದ ಬುತ್ತಿ ಕಟ್ಟಿಕೊಂಡದ್ದೂ ಉಂಟು. ಎರಡು ದೊಡ್ಡ ರಸ್ತೆಗಳು ಕೂಡುವ ಮೂಲೆಯಲ್ಲಿದ್ದ ಪೆಟ್ರೋಲ್ ಬಂಕಿಗೆ ಅವನು ಮ್ಯಾನೇಜರು. ಪೈಪು ಹಿಡಿಯುವ ಕೆಲಸದಿಂದ ಶುರುಮಾಡಿ, ಬೆನ್ನು ಬಾಗಿಸಿ ಬಾಗಿಸಿ, ಗಾಜಿನ ಕ್ಯಾಬಿನ್ನಿನ ತಿರುಗುವ ಕುರ್ಚಿಯವರೆಗೆ ಏರಿದ್ದ. ಆ ಕುರ್ಚಿ ತಿರುಗುವುದನ್ನು ಬಿಟ್ಟು ಬಹಳ ಕಾಲವಾಗಿತ್ತು, ಅದು ಬೇರೆ ಮಾತು.

ಬಂಕಿನ ಧಣಿಗಳು ತೂಕದ ಆಸಾಮಿ. ಮೈಯೂ ತೂಕ, ಮಾತೂ ತೂಕ. ದಿನಕ್ಕೊಮ್ಮೆ ಬಂದು, ಕ್ಯಾಬಿನ್ನಿನ ಬಾಗಿಲಲ್ಲಿ ನಿಂತು, ಎಲ್ಲ ಸರಿಯಿದೆಯೇ ಎಂಬಂತೆ ಹುಬ್ಬು ಎತ್ತುತ್ತಿದ್ದರು. ಲೀಟರಪ್ಪ ಎದ್ದು ನಿಂತು ತಲೆ ಆಡಿಸುತ್ತಿದ್ದ. ಇಷ್ಟರಲ್ಲೇ ಇಬ್ಬರ ನಡುವಿನ ಆಡಳಿತ ಮುಗಿಯುತ್ತಿತ್ತು. ಆದರೆ ಪೇಟೆಯಲ್ಲಿ ಬ್ಯಾಟರಿ ಕಾರುಗಳು ಅಲ್ಲೊಂದು ಇಲ್ಲೊಂದು ಕಾಣಿಸಿಕೊಂಡ ಮೇಲೆ ಧಣಿಗಳು ಒಂದು ದಿನ ಹುಬ್ಬು ಇಳಿಸಿ ಬಾಯಿ ತೆರೆದರು.

"ಗಿರಾಕಿಗಳು ಕೇಳಿದ್ರೆ ಏನು ಹೇಳ್ತೀಯ?"

"ಏನು ಹೇಳಲಿ ಸಾರ್?"

"ನಾನು ಹೇಳಿಕೊಡಬೇಕಾ?"

ಹೇಳಿಕೊಡಬೇಕಾಗಲಿಲ್ಲ. ಲೀಟರಪ್ಪ ಒಂದು ವಾರದಲ್ಲಿ ಒಂದು ಭಾಷಣವನ್ನೇ ಹೊಸೆದ. "ಬ್ಯಾಟರಿ ಇರೋದು ಟಾರ್ಚಿಗೆ ಸ್ವಾಮಿ, ಸಂಸಾರ ಕೂರಿಸ್ಕೊಂಡು ಹೋಗೋಕಲ್ಲ. ಅರ್ಧ ದಾರೀಲಿ ನಿಂತ್ರೆ ಕ್ಯಾನ್ ಹಿಡ್ಕೊಂಡು ಕರೆಂಟ್ ತರೋಕಾಗುತ್ತಾ?" ಇದು ಮೊದಲ ಭಾಗ. ಎರಡನೆಯ ಭಾಗದಲ್ಲಿ ಬೆಂಕಿ ಬರುತ್ತಿತ್ತು, ಮೂರನೆಯದರಲ್ಲಿ ಬ್ಯಾಟರಿ ಸತ್ತಾಗಿನ ಖರ್ಚು. ಟ್ಯಾಂಕ್ ತುಂಬುವಷ್ಟು ಹೊತ್ತಿಗೆ ಸರಿಯಾಗಿ ಭಾಷಣ ಮುಗಿಯುವ ಹಾಗೆ ಅವನು ಅದನ್ನು ಕತ್ತರಿಸಿ ಹೊಲಿದಿದ್ದ. ಅರ್ಧ ಟ್ಯಾಂಕಿನವರಿಗೆ ಬೆಂಕಿಯವರೆಗೆ ಮಾತ್ರ.

ಅವನ ಸ್ವಂತ ಗೋಳು ಮಾತ್ರ ಬೇರೆಯೇ ಇತ್ತು. ಬಂಕಿನ ಮುಂದಿನ ಎತ್ತರದ ಫಲಕದಲ್ಲಿ ದಿನದ ದರದ ಅಂಕಿಗಳನ್ನು ಉದ್ದ ಕೋಲಿನಿಂದ ಬದಲಿಸುವವನು ಅವನೇ. ಬೆಳಿಗ್ಗೆ ತನ್ನ ಕೈಯಾರೆ ದರ ಏರಿಸಿ, ಸಂಜೆ ಅದೇ ದರ ಕೊಟ್ಟು ತನ್ನ ಹಳೆಯ ಕಾರಿಗೆ ಪೆಟ್ರೋಲ್ ಹಾಕಿಸಿಕೊಳ್ಳಬೇಕು. ನೌಕರನೆಂದು ಒಂದು ಹನಿಯ ರಿಯಾಯಿತಿ ಇಲ್ಲ. ಕೆರೆಯ ಪಕ್ಕದಲ್ಲೇ ಮನೆ ಕಟ್ಟಿಕೊಂಡು ನೀರು ಕೊಂಡು ಕುಡಿಯುವ ಬಾಳು.

ಹೀಗಿರುವಾಗ ಒಂದು ಭಾನುವಾರ ದಿನಸಿ ಅಂಗಡಿಯ ಸಾಲಿನಲ್ಲಿ ಶಾಲೆಯ ಗಣಿತದ ಟೀಚರಮ್ಮ ಸಿಕ್ಕರು. ಬಂಕಿನ ಖಾಯಂ ಗಿರಾಕಿಯಾಗಿದ್ದವರು, ಏಕೋ ಕೆಲವು ತಿಂಗಳಿಂದ ಕಾಣೆಯಾಗಿದ್ದರು. ಏನಾಯಿತೆಂದು ಲೀಟರಪ್ಪ ವಿಚಾರಿಸಿದ.

"ಕರೆಂಟ್ ಕಾರು ತಗೊಂಡೆ. ಮಲಗೋ ಮುಂಚೆ ಫೋನ್ ಥರ ಚುಚ್ಚಿಡ್ತೀನಿ. ನಿಮಗೆ ಕೊಡ್ತಿದ್ದೆನಲ್ಲ, ಅದರಲ್ಲಿ ಕಾಲು ಭಾಗ ಆಗುತ್ತೆ ನೋಡಿ," ಎಂದು ಟೀಚರಮ್ಮ ಸೋಪಿನ ಪೊಟ್ಟಣ ಎತ್ತಿಕೊಂಡು ಹೋದರು. ಲೀಟರಪ್ಪನಿಗೆ ಭಾಷಣದ ಒಂದು ಸಾಲೂ ನೆನಪಾಗಲಿಲ್ಲ. ಕಾಲು ಭಾಗ ಎಂಬ ಮಾತು ಅಂಗಾಲಿಗೆ ಹೊಕ್ಕ ಮುಳ್ಳಿನ ಹಾಗೆ ಮನೆಯವರೆಗೂ ಅವನ ಜೊತೆ ಬಂತು.

ಅವನ ಹೆಂಡತಿ ಮನೆಯಲ್ಲೇ ಕೇಕು ಮಾಡಿ ಮಾರುತ್ತಿದ್ದಳು. ಅಡುಗೆಮನೆಯ ಅರ್ಧವನ್ನು ನುಂಗಿ ಕೂತಿದ್ದ ಒಂದು ಕರೆಂಟಿನ ಒಲೆ, ಗೋಡೆಯುದ್ದಕ್ಕೂ ತಗಡಿನ ಅಚ್ಚುಗಳು, ಕಿಟಕಿಯ ಕಟ್ಟೆಯ ಮೇಲೆ ಸಕ್ಕರೆ ಹೂಗಳು ಒಣಗುವ ತಟ್ಟೆ. ಇನ್ನೊಂದು ಒಲೆ ಕೊಳ್ಳಲೆಂದು ಅವಳು ಕಾಸಿಗೆ ಕಾಸು ಸೇರಿಸಿ ಇಟ್ಟಿದ್ದಳು. ಆ ಗಂಟಿನ ಮೇಲೆ ಈಗ ಗಂಡನ ಕಣ್ಣು ಬಿತ್ತು.

"ಒಂದೇ ಒಂದು ವರ್ಷ ತಡಿ," ಎಂದ. "ಪೆಟ್ರೋಲಿಂದ ಉಳಿಯೋ ದುಡ್ಡಲ್ಲಿ ಒಂದಲ್ಲ, ಎರಡು ಒಲೆ ತಗೊಳ್ಳೋಣ."

"ಬಂಕಲ್ಲಿ ಬ್ಯಾಟರಿ ಟಾರ್ಚಿಗೆ ಅಂತೀರಂತೆ?"

"ಅದು ನೌಕರಿ. ಇದು ಬುದ್ಧಿ."

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಗಾದೆ ಅವಳ ನಾಲಿಗೆಯ ತುದಿಗೆ ಬಂದಿತ್ತು. ಗಂಡನ ಮುಖದಲ್ಲಿ ಎಷ್ಟೋ ವರ್ಷಗಳ ನಂತರ ಆಸೆಯಂಥದ್ದೇನೋ ಕಂಡದ್ದರಿಂದ ನುಂಗಿಕೊಂಡಳು. ಹಳೆಯ ಕಾರು ಹೋಯಿತು, ಒಲೆಯ ಗಂಟೂ ಹೋಯಿತು, ಯಾರೋ ಓಡಿಸಿ ಬಿಟ್ಟಿದ್ದ ಒಂದು ನೀಲಿ ಬಣ್ಣದ ಪುಟ್ಟ ಕರೆಂಟು ಕಾರು ಮನೆಯ ಮುಂದೆ ಬಂದು ನಿಂತಿತು. ಅಡುಗೆಮನೆಯ ಕಿಟಕಿಯಿಂದ ಸಕ್ಕರೆ ಹೂಗಳ ತಟ್ಟೆ ಸರಿಸಿ, ಅದರ ದಪ್ಪ ವೈರು ಹೊರಗೆ ಎಳೆದದ್ದಾಯಿತು.

ಬಂಕಿನವರ ಕಣ್ಣಿಗೆ ಮಾತ್ರ ಅದು ಬೀಳಬಾರದಲ್ಲ. ಲೀಟರಪ್ಪ ಅದನ್ನು ಬಂಕಿಗಿಂತ ಸ್ವಲ್ಪ ದೂರದ ಮರದ ಸಾಮಾನಿನ ಗೋದಾಮಿನ ಹಿಂದೆ ನಿಲ್ಲಿಸಿ, ಅಲ್ಲಿಂದ ನಡೆದು ಬರತೊಡಗಿದ. ಬಂಕಿನ ಹುಡುಗಿಯರು ಕೇಳಿದರೆ ಆರೋಗ್ಯ ಎಂದ. "ನಮ್ಮ ಮ್ಯಾನೇಜರು ವಾಕಿಂಗ್ ಮಾಡ್ತಾರೆ, ಪ್ರಳಯ ಹತ್ತಿರ ಬಂತು," ಎಂದು ಅವರು ತಮ್ಮೊಳಗೇ ಮಾತಾಡಿಕೊಂಡರು. ಹಗಲೆಲ್ಲ ಬ್ಯಾಟರಿಗೆ ಬೈಗುಳ, ಸಂಜೆ ಗೋದಾಮಿನ ಹಿಂದೆ ಹೋಗಿ ಅದರ ಬೆನ್ನು ಸವರುವುದು. ಎರಡು ಮನೆ ನಡೆಸುವ ಗಂಡಸಿನ ಎಚ್ಚರಿಕೆಯೆಲ್ಲ ಅವನಿಗೆ ತಾನಾಗಿಯೇ ಬಂದುಬಿಟ್ಟಿತು.

ಮೊದಲ ತಿಂಗಳ ಕರೆಂಟು ಬಿಲ್ಲು ಬಂತು. ಲೀಟರಪ್ಪ ಅದನ್ನು ಎರಡು ಸಲ ಓದಿ, ಹಿಂದೆ ಮುಂದೆ ತಿರುಗಿಸಿ ನೋಡಿದ.

ಟೀಚರಮ್ಮ ಸುಳ್ಳು ಹೇಳಿರಲಿಲ್ಲ. ಅವರ ಮನೆಯಲ್ಲಿ ಇದ್ದದ್ದು ಅವರೊಬ್ಬರು ಮತ್ತು ಒಂದು ಫ್ಯಾನು. ಕರೆಂಟಿನ ದರ ಮೆಟ್ಟಿಲಿನ ಹಾಗೆ. ಕೆಳಗಿನ ಮೆಟ್ಟಿಲಲ್ಲಿ ನಿಂತವರಿಗೆ ಅಗ್ಗ, ಹೆಚ್ಚು ಉರಿಸಿದ ಹಾಗೆಲ್ಲ ಮೇಲಿನ ಮೆಟ್ಟಿಲು, ಮೇಲಿನ ದರ. ಲೀಟರಪ್ಪನ ಮನೆ ಕೇಕಿನ ಒಲೆಯಿಂದಾಗಿ ಮೊದಲೇ ನಡುವಿನ ಮೆಟ್ಟಿಲಲ್ಲಿತ್ತು. ಕಾರು ಬಂದು ಅದನ್ನು ತುದಿಗೆ ಏರಿಸಿ ನಿಲ್ಲಿಸಿತ್ತು. ಆದರೂ ಪೆಟ್ರೋಲಿಗಿಂತ ಕಡಿಮೆಯೇ. ಕಾಲು ಭಾಗವಲ್ಲ, ಮುಕ್ಕಾಲಿನ ಆಸುಪಾಸು. ಬೇರೆ ಯಾರಾದರೂ ಅಷ್ಟಕ್ಕೆ ತೃಪ್ತಿಪಡುತ್ತಿದ್ದರು. ಲೀಟರಪ್ಪ ಕಾಲು ಭಾಗಕ್ಕೆ ಮನಸ್ಸು ಕೊಟ್ಟಾಗಿತ್ತು. ಅದಕ್ಕಿಂತ ಒಂದು ಕಾಸು ಹೆಚ್ಚು ಬಿದ್ದರೂ ಯಾರೋ ತನ್ನ ಜೇಬಿಗೆ ಕೈ ಹಾಕಿದಂತೆ ಅವನಿಗೆ ಅನ್ನಿಸುತ್ತಿತ್ತು.

ಮರುದಿನದಿಂದ ಮನೆಯಲ್ಲಿ ಕಾಯಿದೆ ಜಾರಿಗೆ ಬಂತು. ಇಸ್ತ್ರಿ ಬಂದ್. ಒದ್ದೆ ಬಟ್ಟೆ ಹಾಸಿಗೆಯ ಕೆಳಗಿಟ್ಟು ಮಲಗಿದರೆ ಅದೇ ಇಸ್ತ್ರಿಯಾಗುತ್ತದೆ ಎಂದ. ಆಗಲಿಲ್ಲ. ಹಾಸಿಗೆ ಒದ್ದೆಯಾಯಿತು. ನಡುಮನೆಯಲ್ಲಿ ಒಂದೇ ದೀಪ. ಅದರ ಕೆಳಗೆ ಗಂಡ, ಹೆಂಡತಿ, ಅವನ ಅಮ್ಮ ಮೂವರೂ ಒತ್ತಿಕೊಂಡು ಕೂತಾಗ ಯಾರದೋ ಸಾವಿನ ಸುದ್ದಿಗೆ ಕಾಯುವವರಂತೆ ಕಾಣುತ್ತಿದ್ದರು. ಕೇಕಿನ ಒಲೆಗೆ ಇಂತಿಷ್ಟು ಹೊತ್ತು ಎಂದು ಗಡುವು. ಕೊನೆಯದಾಗಿ ಬಚ್ಚಲಿನ ನೀರು ಕಾಯಿಸುವ ಗೀಸರಿನ ಸ್ವಿಚ್ಚಿಗೆ ಅಂಟುಪಟ್ಟಿ ಬಡಿದ.

ಅಮ್ಮನಿಗೆ ಮಂಡಿನೋವು. ಬಿಸಿನೀರು ಸುರಿದುಕೊಂಡರೆ ಮಾತ್ರ ಕಾಲು ಮಡಿಸಲು ಆಗುತ್ತಿತ್ತು. ಅಂಟುಪಟ್ಟಿಯನ್ನು ಉಗುರಿನಿಂದ ಕೆರೆದು ನೋಡಿ, ಹೊರಗೆ ಬಂದು, ಮುದುಕಿ ಬಾಗಿಲಲ್ಲಿ ನಿಂತು ಕೇಳಿದಳು.

"ಬೆಚ್ಚಗಿರಬೇಕಾದ್ದು ನಿನ್ನ ಕಾರೋ, ನಾನೋ?"

"ಹಾಗಲ್ಲಮ್ಮ, ತಣ್ಣೀರು ರಕ್ತಕ್ಕೆ ಒಳ್ಳೇದಂತೆ."

"ಹಾಗಾದ್ರೆ ನೀನೇ ಸುರ್ಕೊ. ನಿನ್ನ ರಕ್ತಾನೇ ಕೆಟ್ಟಿರೋದು."

ಅವಳು ಜಗಳ ಮುಂದುವರಿಸಲಿಲ್ಲ. ಬಟ್ಟೆ, ಸೋಪು ಚೀಲಕ್ಕೆ ತುಂಬಿಕೊಂಡು ಮಗಳ ಮನೆಗೆ ಸ್ನಾನಕ್ಕೆ ಹೊರಟಳು. ಮಗಳ ಮನೆ ಎಂದರೆ ಆ ಒಂದು ಲೀಟರ್ ದೂರದ ಮನೆ. ಮಂಡಿನೋವಿನ ಮುದುಕಿ ಬಸ್ಸು ಹತ್ತುವುದುಂಟೇ? ದಿನ ಬಿಟ್ಟು ದಿನ ಲೀಟರಪ್ಪ ಅವಳನ್ನು ನೀಲಿ ಕಾರಿನಲ್ಲಿ ಕೂರಿಸಿಕೊಂಡು ಹೋಗಿ, ಸ್ನಾನ ಮುಗಿಯುವವರೆಗೆ ತಂಗಿಯ ವರಾಂಡದಲ್ಲಿ ಕಾದು, ವಾಪಸು ಕರೆತರಬೇಕಾಯಿತು. ಒಂದು ಬಕೆಟ್ ನೀರು ಕಾಯಿಸುವ ಕರೆಂಟು ಉಳಿಸಲು ಹತ್ತು ಬಕೆಟ್ಟಿನ ಕರೆಂಟು ಉರಿಯುತ್ತಿತ್ತು.

"ಕತ್ತೆ ಉಳಿಸೋಕೆ ಹೋಗಿ ಕುದುರೆ ಮಾರಿದ ಹಾಗಾಯ್ತು," ಎಂದಳು ಹೆಂಡತಿ.

"ಆದ್ರೆ ಇದೇ ಓಡಾಟ ಪೆಟ್ರೋಲಲ್ಲಾಗಿದ್ರೆ?" ಎಂದ ಲೀಟರಪ್ಪ. "ಎಷ್ಟು ಉಳೀತು ಯೋಚನೆ ಮಾಡು."

ಇದು ಅವನ ಹೊಸ ಗಣಿತ. ಓಡಿಸಿದಷ್ಟೂ ಉಳಿತಾಯ. ಹಾಗಾಗಿ ಅವನು ಸುಮ್ಮಸುಮ್ಮನೆಯೂ ಓಡಿಸತೊಡಗಿದ. ಕೊತ್ತಂಬರಿ ಸೊಪ್ಪಿಗೆ ಪೇಟೆಯ ಆ ತುದಿಗೆ ಹೋದ. ಬೀದಿಯವರನ್ನೆಲ್ಲ ಕೂಗಿ ಕರೆದು ಹತ್ತಿಸಿಕೊಂಡ, ದಾರಿಯುದ್ದಕ್ಕೂ ಕಾಲು ಭಾಗದ ಕಥೆ ಹೇಳಿದ. ಬೀದಿಯವರು ಬುದ್ಧಿವಂತರು, ಕಥೆಯ ಸಾರವನ್ನು ಚೆನ್ನಾಗಿ ಹಿಡಿದರು. "ನಿಮ್ಮದು ಹೆಚ್ಚುಕಡಿಮೆ ಬಿಟ್ಟಿ ಓಡುತ್ತಲ್ಲಾ, ನಮ್ಮ ಅತ್ತೇನ ಸ್ಟೇಷನ್‌ಗೆ ಬಿಟ್ಟುಬನ್ನಿ," ಎಂದು ಪಕ್ಕದ ಮನೆಯ ದರ್ಜಿ ಬೆಳ್ಳಂಬೆಳಗ್ಗೆ ಬಾಗಿಲು ಬಡಿದ. ಬಿಟ್ಟಿಯೆಂದು ಊರಿಗೆಲ್ಲ ಸಾರಿದವನು ಬಾಡಿಗೆ ಕೇಳುವುದು ಹೇಗೆ? ಬಿಟ್ಟುಬಂದ.

ಒಲೆಯ ಗಡುವಿನ ಮಾತೂ ಹೀಗೇ ಬಿಗಡಾಯಿಸಿತು. ಆ ಮನೆಯ ವೈರಿಂಗು ಅಜ್ಜನ ಕಾಲದ್ದು. ಒಲೆ ಉರಿಯುವಾಗ ಕಾರನ್ನೂ ಚುಚ್ಚಿದರೆ ಫ್ಯೂಸು ಟಪ್ಪೆಂದು ಹಾರುತ್ತಿತ್ತು. ಒಮ್ಮೆ ಹಾಗೆ ಹಾರಿದಾಗ ಒಲೆಯೊಳಗಿದ್ದ ಕೇಕು ಅರ್ಧ ಉಬ್ಬಿ ಹೊಂಡವಾಯಿತು. ಹೆಂಡತಿ ಅದನ್ನು ತಟ್ಟೆಗೆ ಮಗುಚಿ ಗಂಡನ ಮುಂದಿಟ್ಟಳು.

"ಗಳಿಸೋದು ನನ್ನ ಒಲೆ. ಉಳಿಸೋದು ನಿಮ್ಮ ಕಾರು. ಇಬ್ಬರಲ್ಲಿ ಯಾರಿಗೆ ಕರೆಂಟು ಅಂತ ಇವತ್ತೇ ತೀರ್ಮಾನ ಆಗ್ಲಿ."

"ಉಳಿಸಿದ್ದೇ ಗಳಿಸಿದ್ದು ಅಂತ ದೊಡ್ಡೋರು ಹೇಳಿದಾರೆ."

"ಆ ದೊಡ್ಡೋರ ಹೆಂಡ್ತೀರು ಏನು ಹೇಳಿದ್ರು ಅಂತ ಯಾರಾದ್ರೂ ಕೇಳಿದ್ರಾ?"

ತೀರ್ಮಾನವೇನೂ ಆಗಲಿಲ್ಲ. ಲೀಟರಪ್ಪ ಹೊಂಡಬಿದ್ದ ಕೇಕು ತಿಂದ, ಚೆನ್ನಾಗಿದೆ ಎಂದೂ ಹೇಳಿದ. ಅವನ ಅಭ್ಯಾಸ ಅದು. ಮಾತಿಗೆ ಉತ್ತರವಿಲ್ಲದಾಗ ಬಾಯಿ ತುಂಬಿಸಿಕೊಳ್ಳುವುದು.

ಕೆಲವು ವಾರ ಕಳೆದು ಹೆಂಡತಿಗೆ ಒಂದು ದೊಡ್ಡ ಆರ್ಡರು ಬಂತು. ಮೂರು ಅಂತಸ್ತಿನ ಕೇಕು, ಜೊತೆಗೆ ನೂರಾರು ಜನಕ್ಕೆ ಬಿಡಿ ಕೇಕುಗಳು. ಯಾರ ಮನೆಗೆ ಎಂದು ಲೀಟರಪ್ಪ ಕೇಳಿದ್ದು ಕೇಕು ಕೊಡಬೇಕಾದ ದಿನ ಬೆಳಿಗ್ಗೆ, ಹಲ್ಲುಜ್ಜುತ್ತ.

"ನಿಮ್ಮ ಧಣಿಗಳ ಮನೆಗೆ. ಮಗಳ ನಿಶ್ಚಿತಾರ್ಥವಂತೆ. ಹಾಳಾಗದ ಹಾಗೆ ತಾವೇ ನಿಂತು ತಗೊಂಡು ಹೋಗ್ತಾರಂತೆ, ಸಂಜೆ ಬರ್ತಾರೆ."

ಹಲ್ಲುಜ್ಜುವ ಬ್ರಶ್ಶು ಬಾಯಲ್ಲೇ ನಿಂತಿತು. ಲೀಟರಪ್ಪ ಹೊರಗೆ ಓಡಿದ. ನೀಲಿ ಕಾರು ಕಿಟಕಿಯ ಕೆಳಗೆ, ಬಾಯಿಗೆ ವೈರು ಕಚ್ಚಿಕೊಂಡು, ಹಾಲು ಕುಡಿಯುವ ಕರುವಿನ ಹಾಗೆ ನಿಂತಿತ್ತು. ಆದರೆ ಹಾಲೇ ಇಳಿದಿರಲಿಲ್ಲ. ಎರಡು ದಿನದಿಂದ ಒಲೆ ಆರಿರಲಿಲ್ಲ. ಒಲೆ ಆರದೆ ಕಾರಿಗೆ ಕರೆಂಟು ಕೊಡಬಾರದೆಂದು ಹೆಂಡತಿ ಸ್ವಿಚ್ಚು ಆರಿಸಿ, ಅದರ ಮೇಲೆ ಅವನದೇ ಅಂಟುಪಟ್ಟಿ ಬಡಿದಿದ್ದಳು. ಹಿಂದಿನ ಸಂಜೆ ದರ್ಜಿಯ ಅತ್ತೆಯನ್ನು ಸ್ಟೇಷನ್ನಿನಿಂದ ವಾಪಸು ತಂದು ಕಾರು ಪೂರ್ತಿ ಬತ್ತಿಹೋಗಿತ್ತು. ಗೇಟಿನಾಚೆಗೂ ಹೋಗುವ ಸ್ಥಿತಿಯಲ್ಲಿರಲಿಲ್ಲ.

"ಒಂದು ಗಂಟೆ ಒಲೆ ಆರ್ಸೇ. ಗೋದಾಮಿನ ಹತ್ರ ಬಿಟ್ಟು ಬಂದ್ಬಿಡ್ತೀನಿ."

"ಮೂರನೇ ಅಂತಸ್ತು ಒಳಗಿದೆ. ಆರಿಸಿದ್ರೆ ನಿಮ್ಮ ಧಣಿ ಮಗಳ ನಿಶ್ಚಿತಾರ್ಥಕ್ಕೆ ಹೊಂಡ ಕಳಿಸ್ಬೇಕು. ಕಳಿಸ್ಲಾ?"

ಕಾರು ತಳ್ಳಲು ದರ್ಜಿಯನ್ನು ಕರೆಯೋಣವೆಂದರೆ ಅವನಿಗೆ ಬೆನ್ನು ಸರಿಯಿಲ್ಲವಂತೆ. ಅತ್ತೆಯನ್ನು ಬಿಟ್ಟುಬರಲು ಕೇಳುವಾಗ ಆ ಬೆನ್ನು ನೆಟ್ಟಗೇ ಇತ್ತು. ಲೀಟರಪ್ಪ ಬಂಕಿಗೆ ಜ್ವರವೆಂದು ಫೋನು ಮಾಡಿ, ಕಪಾಟಿನಿಂದ ಮದುವೆಯ ಕಾಲದ ಜೋಡಿ ಹಾಸಿಗೆಯ ಹೊದಿಕೆ ತೆಗೆದು ಕಾರಿಗೆ ಹೊದಿಸಿದ. ಸಾಲಲಿಲ್ಲ. ಮುಂದಕ್ಕೆ ಎಳೆದರೆ ಹಿಂದಿನ ನಂಬರು ಕಾಣುತ್ತಿತ್ತು, ಹಿಂದಕ್ಕೆ ಎಳೆದರೆ ದೀಪಗಳು ಇಣುಕುತ್ತಿದ್ದವು. ಇನ್ನೆರಡು ಹೊದಿಕೆ, ಅಮ್ಮನ ಒಂದು ಶಾಲು, ಮೇಲೆ ಹಾರದ ಹಾಗೆ ಕೇಕಿನ ತಗಡು ಅಚ್ಚುಗಳು. ಎಲ್ಲ ಮುಗಿಸಿ ದೂರ ನಿಂತು ನೋಡಿದ. ಯಾರೋ ದೊಡ್ಡ ಮನುಷ್ಯರು ತೀರಿಕೊಂಡು ಅಂಗಳದಲ್ಲಿ ಮಲಗಿದ ಹಾಗೆ ಕಾಣುತ್ತಿತ್ತು.

ಧಣಿಗಳು ಬಂದರು. ಅವರ ದೊಡ್ಡ ಕಾರು ಬೀದಿಯನ್ನೆಲ್ಲ ತುಂಬಿ ನಿಂತಿತು. ಬಾಗಿಲಲ್ಲಿ ತಮ್ಮ ಮ್ಯಾನೇಜರನ್ನು ಕಂಡು ಹುಬ್ಬು ಎತ್ತಿದರು.

"ನಿನ್ನ ಮನೇನಾ ಇದು? ಜ್ವರ ಅಂದ್ರು?"

"ಈಗ ತಾನೇ ಇಳೀತು ಸಾರ್."

ಧಣಿಗಳ ಕಣ್ಣು ಆಗಲೇ ಹೊದಿಕೆಗಳ ಗುಡ್ಡೆಯ ಮೇಲಿತ್ತು. ಅಲ್ಲಿಂದ ವೈರು ಹಿಡಿದು ಕಿಟಕಿಗೆ ಹೋಯಿತು, ಕಿಟಕಿಯಿಂದ ವಾಪಸು ಬಂತು.

"ಇದೇನು?"

ಲೀಟರಪ್ಪ ಬಾಯಿ ತೆರೆದ. ಬಾಯಿ ತುಂಬಿಸಿಕೊಳ್ಳಲು ಕೈಯಲ್ಲಿ ಕೇಕೂ ಇರಲಿಲ್ಲ. ಜಗಲಿಯ ಮೇಲೆ ಮಂಡಿ ನೀವಿಕೊಳ್ಳುತ್ತ ಕೂತಿದ್ದ ಅಮ್ಮ ಅವನ ಪರವಾಗಿ ಉತ್ತರ ಕೊಟ್ಟಳು.

"ನನ್ನ ಸೊಸೆಗೆ ಸವತಿ. ಕರೆಂಟು ಬಿಟ್ಟು ಬೇರೇನೂ ತಿನ್ನಲ್ಲ. ಅವಳು ಬಂದಾಗಿಂದ ನನಗೆ ಬಿಸಿನೀರಿಲ್ಲ."

ಧಣಿಗಳು ಒಂದು ತಗಡು ಕೆಳಗಿಟ್ಟರು. ಹೊದಿಕೆಯ ಮೂಲೆ ಎತ್ತಿದರು. ನೀಲಿ ಬಣ್ಣ ಕಂಡಿತು. ಲೀಟರಪ್ಪನಿಗೆ ಬಂಕು, ಕುರ್ಚಿ, ಅಷ್ಟು ವರ್ಷದ ಬಾಗಿದ ಬೆನ್ನು ಎಲ್ಲವೂ ಕಣ್ಣೆದುರು ಕರಗಿದಂತಾಯಿತು. ಉಂಡ ಮನೆಯ ಜಂತಿ ಎಣಿಸಿದವನೆಂದು ಬೈಸಿಕೊಳ್ಳಲು ತಲೆ ತಗ್ಗಿಸಿ ನಿಂತ.

ಧಣಿಗಳು ಬೈಯಲಿಲ್ಲ. ಹೊದಿಕೆ ಬಿಟ್ಟು, ಸಣ್ಣ ದನಿಯಲ್ಲಿ ಕೇಳಿದರು. "ಎಷ್ಟು ಬೀಳುತ್ತೆ?"

"ಏನು ಸಾರ್?"

"ಖರ್ಚು. ಪೆಟ್ರೋಲಿಗೆ ಹೋಲಿಸಿದ್ರೆ."

ಅಲ್ಲಿ ಅವನು ಸುಮ್ಮನಿರಬಹುದಿತ್ತು. ಆದರೆ ತಿಂಗಳುಗಟ್ಟಲೆ ಬಂಕಿನಲ್ಲಿ ನುಂಗಿಕೊಂಡ ಮಾತು ಅಣೆಕಟ್ಟಿನ ಬಾಗಿಲು ತೆರೆದ ಹಾಗೆ ಹೊರಟಿತು. ಕಾಲು ಭಾಗ, ಮೆಟ್ಟಿಲು ದರ, ಒಲೆಯ ಜೊತೆ ಚುಚ್ಚಿದರೆ ಹಾರುವ ಫ್ಯೂಸು, ಎಣ್ಣೆ ಬದಲಿಸುವ ಗೋಜಿಲ್ಲ, ಸದ್ದಿಲ್ಲ, ಹೊಗೆಯಿಲ್ಲ. ಒಂದು ಬಂಕಿನ ಮ್ಯಾನೇಜರು ತನ್ನ ಧಣಿಯ ಎದುರು ನಿಂತು ಪೆಟ್ರೋಲಿನ ಶ್ರಾದ್ಧ ಮಾಡಿದ. ಲೀಟರಪ್ಪನ ಹೆಂಡತಿ ತಂದುಕೊಟ್ಟ ಬಿಡಿ ಕೇಕು ತಿನ್ನುತ್ತ ಧಣಿಗಳು ಪೂರ್ತಿ ಕೇಳಿಸಿಕೊಂಡರು.

"ಎಲ್ಲರ ಮನೇಲೂ ಹೀಗೆ ಫ್ಯೂಸು ಹೋಗುತ್ತಾ?" ಎಂದು ಕೊನೆಗೆ ಕೇಳಿದರು.

"ಹಳೇ ಮನೆಗಳಲ್ಲಿ ಎಲ್ಲಾ ಕಡೆ ಇದೇ ಗೋಳು ಸಾರ್. ಫ್ಲ್ಯಾಟಿನವರಿಗಂತೂ ವೈರು ಎಳೆಯೋಕೆ ಜಾಗಾನೇ ಇಲ್ಲ."

"ಹೂಂ," ಎಂದರು ಧಣಿಗಳು. ಕೇಕು ಹಿಡಿಸಿಕೊಂಡು ಹೊರಟುಹೋದರು.

ಕೆಲಸ ಹೋಗಲಿಲ್ಲ. ಅದಕ್ಕಿಂತ ದೊಡ್ಡದು ಆಯಿತು. ಎರಡು ತಿಂಗಳೊಳಗೆ ಬಂಕಿನ ಪಕ್ಕದ ಖಾಲಿ ಜಾಗಕ್ಕೆ ನೆರಳಿನ ಚಪ್ಪರ ಬಂತು, ಅದರಡಿ ಬೀರುವಿನಷ್ಟು ಎತ್ತರದ ನಾಲ್ಕು ಚಾರ್ಜಿಂಗ್ ಯಂತ್ರಗಳು ಬಂದು ನಿಂತವು. ಅಲ್ಲಿನ ದರ ಟೀಚರಮ್ಮನ ಮನೆಯ ಅಗ್ಗದ ದರಕ್ಕೆ ಮೂರು ಪಟ್ಟಿಗೂ ಹೆಚ್ಚು, ಪೆಟ್ರೋಲಿಗಿಂತ ಒಂದು ಎಳೆ ಮಾತ್ರ ಕಡಿಮೆ. ಯಂತ್ರಗಳ ಉಸ್ತುವಾರಿ ಲೀಟರಪ್ಪನಿಗೇ ಬಿತ್ತು. "ನಿನಗೆ ಇದರ ಒಳಹೊರಗೆಲ್ಲ ಗೊತ್ತಲ್ಲ," ಎಂದರು ಧಣಿಗಳು. ಸಂಬಳದ ಮಾತು ಅವರೂ ಎತ್ತಲಿಲ್ಲ, ಇವನೂ ಎತ್ತಲಿಲ್ಲ.

ಅವನು ಮತ್ತೊಂದು ಭಾಷಣ ಹೊಸೆದ. "ಮನೇಲಿ ಚುಚ್ಚೋ ಸಾಹಸ ಬೇಡ ಸ್ವಾಮಿ. ಅಗ್ಗ ಅಂತ ಕಾಣುತ್ತೆ. ಫ್ಯೂಸು ಹೋಗುತ್ತೆ, ಬಿಲ್ಲು ಮೆಟ್ಟಿಲು ಹತ್ತುತ್ತೆ, ತಾಯಿಗೆ ಬಿಸಿನೀರು ಸಿಗಲ್ಲ, ಹೆಂಡತಿ ಮುಖ ಕೊಡಲ್ಲ." ಕೇಳಿದವರು ಇದು ಅನುಭವದ ಮಾತಿನ ಹಾಗಿದೆ ಎಂದು ನಂಬಿದರು. ಅವನ ಜೀವನದಲ್ಲಿ ಬಂಕಿನಲ್ಲಿ ನಿಂತು ನಿಜ ಹೇಳಿದ್ದು ಅದೇ ಮೊದಲು, ಅದೂ ವ್ಯಾಪಾರಕ್ಕೆ.

ಮನೆಯಲ್ಲಿ ಅಷ್ಟರೊಳಗೆ ಬೇರೆ ಬದಲಾವಣೆಯಾಗಿತ್ತು. ನಿಶ್ಚಿತಾರ್ಥಕ್ಕೆ ಬಂದವರು ಕೇಕು ತಿಂದು, ಯಾರು ಮಾಡಿದ್ದೆಂದು ಕೇಳಿ, ಸಾಲುಸಾಲಾಗಿ ಬಂದರು. ಹೆಂಡತಿ ಗಂಡನ ಒಂದು ವರ್ಷದ ಗಡುವಿಗೆ ಕಾಯದೆ ಎರಡನೆಯ ಒಲೆ ಕೊಂಡಳು. ಎಲೆಕ್ಟ್ರಿಷಿಯನ್ ಬಂದು ಮನೆಗೆ ಇಷ್ಟೇ ತಾಕತ್ತು, ಎರಡು ಒಲೆಯೋ ಒಂದು ಒಲೆ ಒಂದು ಕಾರೋ ಆರಿಸಿಕೊಳ್ಳಿ ಎಂದ. ಅವಳು ಕಿಟಕಿಯಿಂದ ಹೊರಗೆ ಇಳಿಬಿದ್ದ ವೈರನ್ನು ಒಳಗೆಳೆದು ಅವನ ಕೈಗೆ ಕೊಟ್ಟಳು. ಹೋಗುವ ಮುಂಚೆ ಗೀಸರಿನ ಅಂಟುಪಟ್ಟಿಯನ್ನೂ ಕಿತ್ತುಹಾಕಿಸಿದಳು.

ಹಾಗಾಗಿ ಲೀಟರಪ್ಪ ಈಗ ಬಂಕಿನಲ್ಲೇ ಕಾರು ಚಾರ್ಜು ಮಾಡುತ್ತಾನೆ, ಆ ಮೂರು ಪಟ್ಟಿನ ದರ ಕೊಟ್ಟು. ರಿಯಾಯಿತಿಯ ವಿಷಯವಾಗಿ ಒಮ್ಮೆ ತಲೆ ಕೆರೆದು ನಿಂತಾಗ ಧಣಿಗಳು, "ಮನೇಲಿ ಅಗ್ಗ ಅಂತ ನೀನೇ ಹೇಳಿದ್ದೆಯಲ್ಲ, ಅಲ್ಲೇ ಮಾಡ್ಕೋ," ಎಂದರು.

ಬೆಳಿಗ್ಗೆ ಬಂಕಿಗೆ ಹೋಗುವ ಮುಂಚೆ ಅವನು ಕೇಕು ಹಂಚುವ ಕೆಲಸಕ್ಕೂ ಹೋಗುತ್ತಾನೆ. ಹೆಂಡತಿ ಪ್ರತಿ ಮನೆಗೆ ಇಷ್ಟೆಂದು ಕೂಲಿ ಕೈಗೆ ಕೊಡುತ್ತಾಳೆ, ದಾರಿಯಲ್ಲಿ ಕೇಕಿಗೆ ಹೊಂಡ ಬಿದ್ದ ದಿನ ಕೊಡುವುದಿಲ್ಲ. ದೊಡ್ಡ ಕೇಕಾದರೆ ತಾನೇ ಪಕ್ಕದಲ್ಲಿ ಕೂತು ತೊಡೆಯ ಮೇಲಿಟ್ಟುಕೊಳ್ಳುತ್ತಾಳೆ. ಆಗ ಕಾರು ಬಸುರಿಯ ನಡಿಗೆಯಲ್ಲಿ ಹೋಗಬೇಕು. ಹಿಂದಿನವರು ಹಾರ್ನು ಬಾರಿಸಿ ಬಾರಿಸಿ ಸಾಯುತ್ತಾರೆ. ಮೊನ್ನೆ ಹೀಗೆಯೇ ಎರಡು ಅಂತಸ್ತಿನದೊಂದನ್ನು ಒಯ್ಯುತ್ತಿದ್ದಾಗ ಲೀಟರಪ್ಪ ಚಾರ್ಜು ತೋರಿಸುವ ಪರದೆಯ ಮೇಲೆ ಕಣ್ಣು ನೆಟ್ಟು, ಮುಖ ಅರಳಿಸಿ ಹೇಳಿದ. "ನೋಡಿದ್ಯಾ, ಹೀಗೆ ನಿಧಾನವಾಗಿ ಓಡಿಸಿದ್ರೆ ಚಾರ್ಜು ಎಷ್ಟು ಉಳಿಯುತ್ತೆ. ಇನ್ಮೇಲೆ ಯಾವಾಗ್ಲೂ ಹೀಗೇ ಓಡಿಸಿದ್ರೆ ಕಾಲು ಭಾಗಕ್ಕೆ ಬಂದುಬಿಡುತ್ತೆ."

ಹೆಂಡತಿ ಕೇಕಿನ ಡಬ್ಬಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.

"ರಸ್ತೆ ನೋಡ್ಕೊಂಡು ಓಡ್ಸಿ. ಮುಂದೆ ಗುಂಡಿ ಇದೆ," ಎಂದಳು.